ಮನೆಗೆ ಹೀಟ್ ಪಂಪ್: ಕೊಳ್ಳುವ ಮುನ್ನ ಬಿಸಿನೀರಿನ ಲೆಕ್ಕವಾಗಲಿ

ಕರ್ನಾಟಕದ ಪಟ್ಟಣಗಳಲ್ಲಿ ಸ್ನಾನದ ನೀರು ಕಾಯಿಸುವ ಕ್ರಮವು ಎರಡು ತಲೆಮಾರುಗಳೊಳಗೆ ಸಾಕಷ್ಟು ಮಾರ್ಪಟ್ಟಿದೆ. ಬಚ್ಚಲೊಲೆ ಮತ್ತು ತಾಮ್ರದ ಹಂಡೆಯ ಸ್ಥಾನವನ್ನು ವಿದ್ಯುತ್ ಗೀಸರ್ ಆಕ್ರಮಿಸಿತು. ಗೀಸರಿನ ಬಿಲ್ಲಿಗೆ ಅಂಜಿದವರು ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಜೋಡಿಸಿದರು. ನಿಗದಿತ ಅಳತೆಯನ್ನು ಮೀರಿದ ಹೊಸ ಕಟ್ಟಡಗಳಿಗೆ ರಾಜ್ಯ ಸರ್ಕಾರವು 2007ರಲ್ಲಿ ಸೋಲಾರ್ ಹೀಟರನ್ನು ಕಡ್ಡಾಯಗೊಳಿಸಿದ ಮೇಲೆ ಆ ಉದ್ಯಮ ಬೆಂಗಳೂರಿನಲ್ಲಿ ಬೇರೂರಿತು. ಈಗ ಗಾಳಿಯಿಂದ ಶಾಖವನ್ನು ಪಡೆಯುವ ಹೀಟ್ ಪಂಪ್ ಅಂಗಡಿಗಳಿಗೆ ಬಂದಿದೆ. "ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ" ಎಂಬ ಘೋಷಣೆಯೊಡನೆ ಅದು ಮಾರಾಟವಾಗುತ್ತಿದೆ. ಘೋಷಣೆ ಸುಳ್ಳಲ್ಲ. ಆದರೆ ಅದನ್ನು ನಂಬಿ ಪ್ರತಿಯೊಂದು ಮನೆಯೂ ಈ ಯಂತ್ರವನ್ನು ಕೊಳ್ಳಬೇಕೆಂಬ ವಾದ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಯಂತ್ರದ ಸ್ವರೂಪ

ಹೀಟ್ ಪಂಪ್ ಎಂದರೆ ಹೊಸ ವಿಜ್ಞಾನವೇನಲ್ಲ. ಮನೆಯ ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ತಳ್ಳುವಂತೆ, ಇದು ಹೊರಗಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಸೇರಿಸುತ್ತದೆ. ವಿದ್ಯುತ್ತು ನೇರವಾಗಿ ನೀರನ್ನು ಕಾಯಿಸದೆ ಕಂಪ್ರೆಸರ್ ಮತ್ತು ಫ್ಯಾನನ್ನು ನಡೆಸುವುದರಿಂದಲೇ ಉಳಿತಾಯ ಸಾಧ್ಯವಾಗುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ, ನೀರನ್ನು ಕಡಿಮೆ ಉಷ್ಣತೆಗೆ ಕಾಯಿಸಿದಷ್ಟೂ ಯಂತ್ರದ ದಕ್ಷತೆ ಹೆಚ್ಚು. ಈ ದೃಷ್ಟಿಯಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಹವೆ ಯುರೋಪಿನ ಹಿಮಗಾಲಕ್ಕಿಂತ ಎಷ್ಟೋ ಅನುಕೂಲಕರ.

ಹವೆಯ ಅನುಕೂಲವೊಂದೇ ಸಾಲದು. ಯುರೋಪಿನಲ್ಲಿ ಹೀಟ್ ಪಂಪ್ ಚಳಿಗಾಲದ ಉದ್ದಕ್ಕೂ ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಜಪಾನಿನಲ್ಲಿ 2001ರಿಂದ ಇಕೋಕ್ಯೂಟ್ ಎಂಬ ಹೆಸರಿನಲ್ಲಿ ಪ್ರಸಾರಗೊಂಡ ಯಂತ್ರವು ಸ್ನಾನದ ತೊಟ್ಟಿ ತುಂಬುವಷ್ಟು ಬಿಸಿನೀರು ಒದಗಿಸುತ್ತದೆ. ಎರಡು ಕಡೆಯೂ ಯಂತ್ರಕ್ಕೆ ಬೇಕಾದಷ್ಟು ಕೆಲಸವಿದೆ. ದಿನಕ್ಕೆ ನಾಲ್ಕು ಬಕೆಟ್ ಬಿಸಿನೀರು ಬಳಸುವ ಮನೆಯಲ್ಲಿ ಅದೇ ಯಂತ್ರಕ್ಕೆ ಕೆಲಸವೇ ಸಾಲದು. ದುಬಾರಿ ಯಂತ್ರವನ್ನು ತಂದು ದಿನವಿಡೀ ಸುಮ್ಮನೆ ನಿಲ್ಲಿಸಿದರೆ ಬಂಡವಾಳ ಹಿಂದಿರುಗದೆಂಬುದನ್ನು ಕಾರ್ಖಾನೆ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಉದಾಹರಣೆಗಳು

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಸುಮಾರು 4.19 ಕಿಲೋಜೌಲ್ ಶಕ್ತಿ ಬೇಕು. 3,600 ಕಿಲೋಜೌಲಿಗೆ ಒಂದು ಯೂನಿಟ್. ನಲ್ಲಿಯ ನೀರು 25 ಡಿಗ್ರಿ, ಸ್ನಾನದ ನೀರು 40 ಡಿಗ್ರಿ, ಹೀಟ್ ಪಂಪಿನ ದಕ್ಷತೆ ಮೂರು ಪಟ್ಟು, ಗೃಹಬಳಕೆಯ ವಿದ್ಯುತ್ ದರ ಯೂನಿಟ್ಟಿಗೆ 6 ರೂಪಾಯಿ, ಗೀಸರಿಗಿಂತ ತಗಲುವ ಹೆಚ್ಚುವರಿ ಬಂಡವಾಳ 60,000 ರೂಪಾಯಿ ಎಂದು ಭಾವಿಸಿ ಲೆಕ್ಕ ಹಾಕಬಹುದು.

ಮೊದಲನೆಯದು ಬಕೆಟ್ ಸ್ನಾನದ ಮನೆ. ನಾಲ್ವರಿಗೆ ತಲಾ 20 ಲೀಟರಿನಂತೆ 80 ಲೀಟರ್. ಗೀಸರಿಗೆ ದಿನಕ್ಕೆ 1.4 ಯೂನಿಟ್ ಸಾಕು. ಹೀಟ್ ಪಂಪಿಗೆ ಸುಮಾರು ಅರ್ಧ ಯೂನಿಟ್. ವರ್ಷದ ಉಳಿತಾಯ 340 ಯೂನಿಟ್, ಅಂದರೆ ಎರಡು ಸಾವಿರ ರೂಪಾಯಿ. ಬಂಡವಾಳ ಹಿಂದಿರುಗಲು ಇಪ್ಪತ್ತೊಂಬತ್ತು ವರ್ಷ ಬೇಕು. ಅಷ್ಟು ಕಾಲ ಯಂತ್ರವೇ ಬಾಳುವುದಿಲ್ಲ. ಟ್ಯಾಂಕಿನಲ್ಲಿ ನಿಂತ ನೀರು ತಣಿಯುವ ನಷ್ಟವನ್ನು ಸೇರಿಸಿದರೆ, ಟ್ಯಾಂಕಿಲ್ಲದ ಇನ್‌ಸ್ಟಂಟ್ ಗೀಸರಿನ ಎದುರು ಹೀಟ್ ಪಂಪ್ ಮತ್ತಷ್ಟು ಹಿಂದೆ ಬೀಳುತ್ತದೆ.

ಎರಡನೆಯದು ಷವರ್ ಸ್ನಾನದ ಮನೆ. ನಾಲ್ವರಿಂದ ದಿನಕ್ಕೆ 250 ಲೀಟರ್. ಗೀಸರಿಗೆ 4.4 ಯೂನಿಟ್, ಹೀಟ್ ಪಂಪಿಗೆ ಒಂದೂವರೆ ಯೂನಿಟ್. ವರ್ಷಕ್ಕೆ ಸುಮಾರು 6,400 ರೂಪಾಯಿ ಉಳಿದರೆ ಒಂಬತ್ತೂವರೆ ವರ್ಷಗಳಲ್ಲಿ ಹಣ ಹಿಂದಿರುಗೀತು. ಇದು ಲಾಭವೂ ಅಲ್ಲದ ನಷ್ಟವೂ ಅಲ್ಲದ ಸ್ಥಿತಿ. ನಡುವೆ ಒಂದು ದೊಡ್ಡ ದುರಸ್ತಿ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಮೂರನೆಯದು ಸಣ್ಣ ಲಾಡ್ಜ್, ಹೋಂಸ್ಟೇ ಅಥವಾ ಹಾಸ್ಟೆಲ್. ದಿನಕ್ಕೆ 1,000 ಲೀಟರ್ ನೀರನ್ನು 55 ಡಿಗ್ರಿಗೆ ಕಾಯಿಸಿಡಲು 35 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಅದನ್ನು 12 ಯೂನಿಟ್ಟಿನೊಳಗೆ ನೀಡೀತು. ವರ್ಷಕ್ಕೆ 300 ದಿನದ ಬಳಕೆ, 7 ರೂಪಾಯಿಯ ದರ ಹಿಡಿದರೆ ಉಳಿತಾಯ ಸುಮಾರು 49,000 ರೂಪಾಯಿ. ಎರಡು ಲಕ್ಷ ರೂಪಾಯಿಯ ಹೆಚ್ಚುವರಿ ಬಂಡವಾಳವೂ ನಾಲ್ಕು ವರ್ಷಗಳಲ್ಲಿ ತೀರುತ್ತದೆ. ಹೀಟ್ ಪಂಪಿನ ನಿಜವಾದ ಮಾರುಕಟ್ಟೆ ಇರುವುದು ಇಲ್ಲಿ.

ಬಿಲ್ಲು ಯಾರದು?

ಗೃಹಬಳಕೆಯ ಲೆಕ್ಕವನ್ನು 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಇನ್ನಷ್ಟು ಜಟಿಲಗೊಳಿಸಿದೆ. ತನಗೆ ನಿಗದಿಯಾದ ಮಿತಿಯೊಳಗೆ ವಿದ್ಯುತ್ ಬಳಸುವ ಮನೆಗೆ ಬಿಲ್ಲೇ ಇಲ್ಲ. ಅಲ್ಲಿ ಯೂನಿಟ್ ಉಳಿಸಿದರೆ ಲಾಭ ಸರ್ಕಾರದ ಬೊಕ್ಕಸಕ್ಕೆ, ಯಂತ್ರದ ಖರ್ಚು ಮನೆಯವರಿಗೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಆ ಗೆರೆಯ ಆಚೀಚೆ ತೂಗುವ ಫಲಾನುಭವಿ ಕುಟುಂಬಕ್ಕೆ ತಿಂಗಳಿಗೆ ಎಂಬತ್ತು ಯೂನಿಟ್ ಉಳಿಯುವುದು ಸಣ್ಣ ವಿಷಯವಲ್ಲ. ಆದುದರಿಂದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳದೆ ಯಾರೂ ನಿರ್ಧಾರಕ್ಕೆ ಬರಬಾರದು.

ಸೋಲಾರ್ ಇರುವ ಮನೆ, ಇಲ್ಲದ ಮನೆ

ಸುಸ್ಥಿತಿಯಲ್ಲಿರುವ ಸೋಲಾರ್ ಹೀಟರನ್ನು ಕಿತ್ತು ಹೀಟ್ ಪಂಪ್ ಹಾಕುವುದು ಅವಿವೇಕ. ಅಂತಹ ಮನೆಯಲ್ಲಿ ವಿದ್ಯುತ್ ಬೇಕಾಗುವುದು ಮೋಡ ಕವಿದ ದಿನಗಳಲ್ಲಿ ಮಾತ್ರ. ಆ ಕೆಲವು ದಿನಗಳಿಗೆ ಟ್ಯಾಂಕಿನೊಳಗಿನ ಕಾಯಿಲ್ಲೇ ಸಾಕು. ಅಪಾರ್ಟ್‌ಮೆಂಟುಗಳ ಸ್ಥಿತಿ ಬೇರೆ. ಅಲ್ಲಿ ಮಾಳಿಗೆ ಎಲ್ಲರಿಗೂ ಸಾಲದು. ಮೇಲಿನ ಟ್ಯಾಂಕಿನಿಂದ ಕೆಳಗಿನ ಅಂತಸ್ತಿಗೆ ಬಿಸಿನೀರು ತಲಪುವಷ್ಟರಲ್ಲಿ ಕೊಳವೆಯ ತಣ್ಣೀರು ಮೋರಿಗೆ ಹರಿದಿರುತ್ತದೆ. 2024ರ ಬೇಸಿಗೆಯ ನೀರಿನ ಬರವನ್ನು ಕಂಡ ಬೆಂಗಳೂರಿನಲ್ಲಿ ಇದು ಉಪೇಕ್ಷಿಸುವ ನಷ್ಟವಲ್ಲ. ಹೆಚ್ಚು ಬಿಸಿನೀರು ಬಳಸುವ, ಮಾಳಿಗೆಯ ಹಕ್ಕಿಲ್ಲದ ಫ್ಲ್ಯಾಟಿಗೆ ಹೀಟ್ ಪಂಪ್ ಯೋಗ್ಯ ಆಯ್ಕೆಯಾದೀತು. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಡಿ ಸೌರ ವಿದ್ಯುತ್ ಫಲಕ ಅಳವಡಿಸಿದವರು ಯಂತ್ರವನ್ನು ನಡುಹಗಲಿನಲ್ಲಿ ನಡೆಸಿದರೆ ಸ್ವಂತ ವಿದ್ಯುತ್ತೂ ಬೆಚ್ಚನೆಯ ಗಾಳಿಯೂ ಏಕಕಾಲಕ್ಕೆ ದೊರೆಯುತ್ತವೆ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, "ಮೂರು ಪಟ್ಟು" ಎಂಬ ದಕ್ಷತೆ ಯಾವ ಗಾಳಿಯ ಉಷ್ಣತೆಯಲ್ಲಿ, ನೀರನ್ನು ಎಷ್ಟು ಡಿಗ್ರಿಗೆ ಕಾಯಿಸಿದಾಗ ದೊರೆಯಿತೆಂಬುದನ್ನು ಲಿಖಿತವಾಗಿ ಪಡೆಯಬೇಕು. ಎರಡನೆಯದಾಗಿ, ಯಂತ್ರವು ತಣ್ಣನೆಯ ಗಾಳಿಯನ್ನು ಹೊರಹಾಕುವುದರಿಂದ ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ತನ್ನ ಗಾಳಿಯನ್ನೇ ತಾನು ಹೀರಿ ದಕ್ಷತೆ ಕುಸಿಯುತ್ತದೆ. ನೆರೆಮನೆಯ ಮಲಗುವ ಕೋಣೆಯ ಪಕ್ಕದಲ್ಲಿಟ್ಟರೆ ಫ್ಯಾನಿನ ಸದ್ದು ಜಗಳಕ್ಕೆ ಕಾರಣವಾಗುತ್ತದೆ. ಮೂರನೆಯದಾಗಿ, ಕೋಲಾರದಂತಹ ಕಡೆ ಬೋರ್‌ವೆಲ್ಲಿನ ಗಡಸು ನೀರು ಶಾಖ ವಿನಿಮಯದ ಭಾಗಕ್ಕೆ ಸುಣ್ಣದಂತೆ ಹತ್ತಿಕೊಳ್ಳುತ್ತದೆ. ಮಂಗಳೂರು, ಕಾರವಾರಗಳಲ್ಲಿ ಉಪ್ಪುಗಾಳಿ ಲೋಹದ ರೆಕ್ಕೆಗಳನ್ನು ತಿನ್ನುತ್ತದೆ. ವಾರಂಟಿ ಪತ್ರದಲ್ಲಿ ಈ ಎರಡರ ಉಲ್ಲೇಖವಿದೆಯೇ ಎಂದು ನೋಡಬೇಕು. ನಾಲ್ಕನೆಯದಾಗಿ, ಹೀಟ್ ಪಂಪ್ ನಿಧಾನಿ. 25 ಡಿಗ್ರಿಯ 200 ಲೀಟರ್ ನೀರನ್ನು 55 ಡಿಗ್ರಿಗೆ ಕಾಯಿಸಲು ಮೂರು ಕಿಲೋವಾಟ್ ಶಾಖ ನೀಡುವ ಯಂತ್ರಕ್ಕೂ ಎರಡು ಗಂಟೆಗಿಂತ ಹೆಚ್ಚು ಬೇಕು. ಅತಿಥಿಗಳು ಬಂದಾಗ ಸ್ವಿಚ್ ಹಾಕಿ ಕಾಯುವ ಗೀಸರಿನ ಅಭ್ಯಾಸ ಇಲ್ಲಿ ನಡೆಯದು.

ಉದ್ಯಮದ ಹೊಣೆ

ಈ ವಸ್ತುವಿಗೆ ಮುಂದೆ ಒಳ್ಳೆಯ ಕಾಲವಿದೆ ಎಂಬುದರಲ್ಲಿ ಸಂದೇಹವಿಲ್ಲ. ಮುಂಜಾನೆ ಲಕ್ಷಾಂತರ ಗೀಸರುಗಳು ಒಟ್ಟಿಗೆ ಉರಿಯುವ ಹೊರೆ ತಗ್ಗುವುದು ರಾಜ್ಯದ ವಿದ್ಯುತ್ ಜಾಲಕ್ಕೂ ಹಿತ. ಟ್ಯಾಂಕ್, ಪಫ್ ನಿರೋಧಕ ಹೊದಿಕೆ, ತಗಡಿನ ಕವಚಗಳನ್ನು ಪೀಣ್ಯದ ಸಣ್ಣ ಘಟಕಗಳು ತಯಾರಿಸಬಲ್ಲವು; ಸೋಲಾರ್ ಟ್ಯಾಂಕ್ ತಯಾರಿಸಿದವರಿಗೆ ಇದು ಹೊಸ ವಿದ್ಯೆಯಲ್ಲ. ಶೀತಕದ ಆಯ್ಕೆಯಲ್ಲಿ ಮಾತ್ರ ದೂರದೃಷ್ಟಿ ಅಗತ್ಯ. ಭಾರತ 2021ರಲ್ಲಿ ಅನುಮೋದಿಸಿದ ಕಿಗಾಲಿ ತಿದ್ದುಪಡಿಯಂತೆ ಹೈಡ್ರೋಫ್ಲೋರೋಕಾರ್ಬನ್ ಶೀತಕಗಳ ಬಳಕೆ 2028ರಲ್ಲಿ ಸ್ಥಗಿತ ಮಟ್ಟಕ್ಕೆ ಬಂದು 2032ರಿಂದ ಹಂತಹಂತವಾಗಿ ಇಳಿಯಬೇಕಾಗಿದೆ. ಇಂದು ಹಳೆಯ ಶೀತಕದ ಯಂತ್ರವನ್ನು ಮಾರಿದವರು ಹತ್ತು ವರ್ಷಗಳ ನಂತರ ಅದರ ದುರಸ್ತಿಗೆ ಅನಿಲವೆಲ್ಲಿಂದ ತರುವರೆಂಬುದನ್ನು ಈಗಲೇ ಯೋಚಿಸಬೇಕು.

ಅದಕ್ಕಿಂತ ಮುಖ್ಯವಾದುದು ಮಾರಾಟದ ಪ್ರಾಮಾಣಿಕತೆ. ಗ್ರಾಹಕನ ಮನೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ಬಿಸಿನೀರು ಬೇಕೆಂದು ಕೇಳದೆ ಯಂತ್ರ ಮಾರುವ ವರ್ತಕ ಒಂದು ಗಿರಾಕಿಯನ್ನು ಗಳಿಸಿ ಹತ್ತನ್ನು ಕಳೆದುಕೊಳ್ಳುತ್ತಾನೆ. ಬಕೆಟ್ ಸ್ನಾನದ ಮನೆಗೆ "ನಿಮಗೆ ಗೀಸರೇ ಸಾಕು" ಎಂದು ಹೇಳಿ ಕಳುಹಿಸುವ, ಲಾಡ್ಜಿನ ಮಾಲೀಕರಿಗೆ ಲೆಕ್ಕ ಬರೆದು ತೋರಿಸಿ ಯಂತ್ರ ಮಾರುವ ವ್ಯಾಪಾರವೇ ಬಾಳುವ ವ್ಯಾಪಾರ. ಮನೆಯ ಮಟ್ಟಿಗೆ ಸೂತ್ರ ಸರಳ: ದಿನಕ್ಕೆ ನೂರು ಲೀಟರಿನೊಳಗೆ ಬಳಸುವವರು ಹೀಟ್ ಪಂಪಿನ ಗೊಡವೆಗೆ ಹೋಗಬೇಕಾಗಿಲ್ಲ, ಇನ್ನೂರೈವತ್ತು ಲೀಟರಿಗೆ ಮೀರಿ ಬಳಸುವ, ಬಿಲ್ಲನ್ನು ಸ್ವತಃ ಕಟ್ಟುವ, ಸೋಲಾರಿಗೆ ಜಾಗವಿಲ್ಲದ ಕುಟುಂಬ ಧೈರ್ಯವಾಗಿ ವಿಚಾರಿಸಬಹುದು. ಇವೆರಡರ ನಡುವಿನವರು ಈಗಿರುವ ಗೀಸರ್ ಕೆಡುವವರೆಗೆ ಕಾಯುವುದು ಲೇಸು.