ಮೇಘಪರಿಶೋಧನೆಯೂ ಗ್ರಾಮದ ಮಳೆಮಾಪಕವೂ

ಮೋಡವು ಒಂದು ಊರಿನ ಸ್ವತ್ತಲ್ಲ. ಮಲೆನಾಡಿನಲ್ಲಿ ಸುರಿದ ಮಳೆಯು ತುಂಗಭದ್ರೆಯಾಗಿ ಹರಿದುಬಂದು ಸಿರುಗುಪ್ಪದ ಭತ್ತದ ಗದ್ದೆಗಳನ್ನು ಸಲಹುವುದು. ಅದೇ ಮಾರುತವು ಘಟ್ಟವನ್ನು ದಾಟುವಷ್ಟರಲ್ಲಿ ತೇವವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದರಿಂದ ಬಳ್ಳಾರಿ, ಕುರುಗೋಡು ಸೀಮೆಯ ಎರೆಹೊಲಗಳಿಗೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಮಾತ್ರವೇ ಪ್ರಾಪ್ತವಾಗುವುದು. ಹೀಗಿರುವಲ್ಲಿ ಮೋಡಗಳ ನಡೆಯನ್ನು ಅರಿಯುವುದು ಒಬ್ಬನಿಂದಾಗಲಿ ಒಂದು ಊರಿನಿಂದಾಗಲಿ ಆಗತಕ್ಕ ಕೆಲಸವಲ್ಲ. ಸರ್ವರೂ ಕೂಡಿ ಮಾಡತಕ್ಕದ್ದು.

ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಧಾತು ಸಂವತ್ಸರದ ಘೋರ ಕ್ಷಾಮವು ಬಂದೆರಗಿ, ಮದರಾಸು ಪ್ರಾಂತ್ಯದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಯಿತು. ಅನಂತರ ಈ ಸೀಮೆಯಲ್ಲಿ 1906ರಲ್ಲಿ ಹಗರಿಯ ಕೃಷಿಕ್ಷೇತ್ರವೂ, 1937ರಲ್ಲಿ ಸಿರುಗುಪ್ಪದ ಸಂಶೋಧನಾ ಕೇಂದ್ರವೂ, 1954ರಲ್ಲಿ ಬಳ್ಳಾರಿಯ ಮಣ್ಣು ಮತ್ತು ನೀರಿನ ಸಂರಕ್ಷಣಾ ಕೇಂದ್ರವೂ ಏರ್ಪಟ್ಟವು. ಈಗ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ಕಾಲುಗಂಟೆಗೊಮ್ಮೆ ಮಳೆಯ ಲೆಕ್ಕವನ್ನು ತಾವಾಗಿಯೇ ಕಳುಹಿಸುತ್ತಿರುವುವು.

ಮೋಡ ನೋಡುವುದಕ್ಕೆ ಹಣ ಸುರಿಯುವ ಬದಲು ಬಿತ್ತನೆಬೀಜವನ್ನೇ ಕೊಡಬಾರದೇ ಎಂದು ಕೇಳುವವರುಂಟು. ಬೀಜವು ಮುಖ್ಯವೇ ಸರಿ. ಆದರೆ ಹದವಿಲ್ಲದ ಹೊಲದಲ್ಲಿ ಬಿದ್ದ ಬೀಜವು ಯಾರಿಗೂ ಫಲಿಸದು. ಗಾಳಿಯ ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡ 7ರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು. ಅದರಿಂದ ಬಿರುಮಳೆಯ ಸಂಭವವು ಹೆಚ್ಚುವುದು. ಬರಕ್ಕೆ ಹೆಸರಾದ ಇದೇ ಸೀಮೆಯು 2009ರ ಅಕ್ಟೋಬರ್ ಆರಂಭದಲ್ಲಿ ನೆರೆಯನ್ನೂ ಕಂಡಿತು. ಹುಬ್ಬೆ, ಉತ್ತರೆ, ಹಸ್ತೆಗಳನ್ನು ಎಣಿಸಿ ಬಿತ್ತಿದ ಹಿರಿಯರ ಅನುಭವವು ಮಾನ್ಯವಾದುದೇ. ಆದರೆ ಕಾಲವು ಬದಲಾಗುತ್ತಿರುವಾಗ ಆ ಅನುಭವಕ್ಕೆ ಅಳತೆಯ ಬೆಂಬಲವು ಬೇಕು.

ಮೋಡಬಿತ್ತನೆಯ ವಿಷಯದಲ್ಲಿಯೂ ಇದೇ ನ್ಯಾಯವು. ಬಳ್ಳಾರಿಯಂತೆ ಮಳೆನೆರಳಿನಲ್ಲಿರುವ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಪ್ರಯೋಗವನ್ನು ನಡೆಸಿ, ತಕ್ಕ ಮೋಡಗಳಿದ್ದಾಗ 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸರಾಸರಿ ಶೇಕಡ 18ರಷ್ಟು ಮಳೆ ಹೆಚ್ಚಿತೆಂದು ತಿಳಿಸಿದರು. ಬರಿಯ ಆಕಾಶದಿಂದ ಮಳೆಯನ್ನು ಯಾರೂ ತರಲಾರರು. ವಿಮಾನವೂ ರಾಡಾರೂ ಎಷ್ಟಿದ್ದರೇನು? ನೆಲದ ಮೇಲೆ ಮಳೆಮಾಪಕಗಳಿಲ್ಲದಿದ್ದರೆ ಬಿದ್ದುದೆಷ್ಟು ಎಂಬುದನ್ನು ಸ್ಥಿರಪಡಿಸುವಂತಿಲ್ಲ.

ಆದುದರಿಂದ ಪಂಚಾಯಿತಿಯ ಮಳೆಮಾಪಕವನ್ನು ಸರ್ಕಾರದ ಕಂಬವೆಂದು ಉಪೇಕ್ಷಿಸಕೂಡದು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರವು ನಿರ್ಣಯವಾಗುವುದು ಹೊಲವನ್ನು ನೋಡಿ ಅಲ್ಲ, ಹವಾಮಾನದ ಲೆಕ್ಕವನ್ನು ನೋಡಿ. ಆಲಿಕೆಯಲ್ಲಿ ಎಲೆ, ಧೂಳು ತುಂಬಿದ್ದರೆ, ಅತಿವೃಷ್ಟಿಯಿಂದ ದಾಳಿಂಬೆಯು ಕೊಳೆತರೂ ಲೆಕ್ಕದಲ್ಲಿ ಮಳೆಯು ಕಾಣಿಸದು. ನಷ್ಟವು ಇಡೀ ಊರಿಗೆ. ಯಾವ ಗಿಡವಾಗಲಿ ಗೋಡೆಯಾಗಲಿ ಬಣವೆಯಾಗಲಿ ತನ್ನ ಎತ್ತರದ ಎರಡರಷ್ಟು ದೂರದೊಳಗೆ ಮಾಪಕದ ಬಳಿ ಇರಕೂಡದು. ದನಕರುಗಳು ಸುಳಿಯದಂತೆ ಬೇಲಿಯಿರತಕ್ಕದ್ದು. ಕೆಟ್ಟುದು ಕಂಡ ದಿನವೇ ತಿಳಿಸತಕ್ಕದ್ದು.

ಇತ್ತ ಅಧಿಕಾರಿಗಳ ಹೊಣೆಯೂ ಕಡಿಮೆಯದಲ್ಲ. ಊರಿನಿಂದ ಹೋದ ಲೆಕ್ಕವು ಊರಿಗೆ ಮರಳಬೇಕು. ಪ್ರತಿ ವಾರದ ಮಳೆಯನ್ನು ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಹಗರಿ, ಸಿರುಗುಪ್ಪ, ಬಳ್ಳಾರಿ ಕೇಂದ್ರಗಳ ಹಳೆಯ ಲೆಕ್ಕಗಳನ್ನೂ ಗ್ರಾಮಗಳ ಹೊಸ ಲೆಕ್ಕಗಳನ್ನೂ ಕೂಡಿಸಿ ಎಲ್ಲರಿಗೂ ದೊರೆಯುವ ಒಂದೇ ಭಂಡಾರವನ್ನಾಗಿ ಮಾಡುವುದು ಹೊಸ ಕಟ್ಟಡವನ್ನು ಕಟ್ಟುವುದಕ್ಕಿಂತ ಮೊದಲು ಆಗತಕ್ಕ ಕೆಲಸವು. ಕೆರೆಯ ತೂಬನ್ನು ಊರೆಲ್ಲ ಕಾಯುವಂತೆ ಮಳೆಮಾಪಕವನ್ನೂ ಕಾಯುವ ಗ್ರಾಮವೇ ಮುಂದಿನ ಕಾಲದ ಮಳೆಯನ್ನು ಅರಿತು ಬಿತ್ತೀತು.