ಜಾತಕದ ಜೊತೆ ಇನ್ನೊಂದು ಕಾರ್ಡು?

ಈ ಸಂಚಿಕೆಯಲ್ಲಿ ಸಿಕಲ್ ಸೆಲ್, ಅಂದ್ರೆ ಕುಡಗೋಲು ಕಣ ರೋಗದ ಬಗ್ಗೆ ಮಾತಾಡೋಣ. ವಿಜ್ಞಾನ ಸ್ವಲ್ಪ, ನನ್ನ ಅಭಿಪ್ರಾಯ ಸ್ವಲ್ಪ.

ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನು ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯ ಜೀನ್ ಇರೋದು 11ನೇ ಕ್ರೋಮೋಸೋಮಿನಲ್ಲಿ. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕೂರುತ್ತೆ. ಇಂಥ ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಕಡ್ಡಿಗಳಂತಾಗುತ್ತೆ. ದುಂಡಗಿನ ರಕ್ತಕಣ ಕುಡಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ತಡೆಯಲಾರದ ನೋವು, ರಕ್ತಹೀನತೆ, ಕೆಲವರಿಗೆ ಪಾರ್ಶ್ವವಾಯು ಬರೋದು ಇದರಿಂದ.

ಈ ಜೀನಿನ ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ ಬರುತ್ತೆ. ಎರಡೂ ಬದಲಾಗಿದ್ರೆ ಕಾಯಿಲೆ. ಒಂದು ಮಾತ್ರ ಬದಲಾಗಿದ್ರೆ ವಾಹಕರು ಅಷ್ಟೇ, ಸಾಮಾನ್ಯವಾಗಿ ಆರೋಗ್ಯವಾಗೇ ಇರ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅನ್ನೋ ಲೆಕ್ಕ ತಪ್ಪು. ಪ್ರತಿ ಬಸುರಿನಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತೆ.

ಹಾಗಾದ್ರೆ ಇದು ಯಾರ ಕಾಯಿಲೆ? ಆಫ್ರಿಕಾದವರದ್ದು ಅಂತಾರೆ, ಆದಿವಾಸಿಗಳದ್ದು ಅಂತಾರೆ. ನಿಜ ಹೇಳಬೇಕಂದ್ರೆ ಇದು ಮಲೇರಿಯಾ ಎಳೆದ ನಕ್ಷೆ. ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತೆ ಅಂತ 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ತಲೆಮಾರುಗಟ್ಟಲೆ ಕಾಡಿದ ಕಡೆ ಈ ಜೀನ್ ಉಳಿಯಿತು: ಆಫ್ರಿಕಾ, ಗ್ರೀಸ್, ಅರೇಬಿಯಾ, ಭಾರತ. ನೀಲಗಿರಿಯ ಆದಿವಾಸಿಗಳಲ್ಲಿ ಇದು 1952ರಲ್ಲೇ ಗೊತ್ತಾಗಿತ್ತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಇದೆ.

2023ರ ಜುಲೈನಲ್ಲಿ ಭಾರತ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುಮಾಡಿತು. ಕರ್ನಾಟಕವೂ ಸೇರಿ 17 ರಾಜ್ಯಗಳು, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರ ಗುರಿ. ತಪಾಸಣೆ ಆದವರಿಗೆ ಒಂದು ಕಾರ್ಡು. ಮದುವೆಗೆ ಮುಂಚೆ ಜಾತಕದ ಹಾಗೆ ಕಾರ್ಡನ್ನೂ ಹೊಂದಿಸಿ ನೋಡಿ ಅನ್ನೋ ಮಾತೂ ಬಂತು.

ತಪಾಸಣೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನಗೆ ಭಯ ಇರೋದು ಆ ಜಾತಕದ ಹೋಲಿಕೆ ಬಗ್ಗೆ. ಜಾತಕದಲ್ಲಿ ‘ದೋಷ’ ಅಂತ ಬಂದ ಹುಡುಗಿಗೆ ನಮ್ಮಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಗ್ರೀಸಿನ ಒರ್ಕೊಮೆನೋಸ್ ಅನ್ನೋ ಊರಲ್ಲಿ ಹಿಂದೆ ಇಂಥದ್ದೇ ತಪಾಸಣೆ ನಡೆದಿತ್ತು. ಅಲ್ಲೂ ಮನೆಯವರೇ ನೋಡಿ ಮಾಡುವ ಮದುವೆಗಳು. ಕೊನೆಗೆ ಆಗಿದ್ದೇನು? ವಾಹಕರಿಗೆ ಕಳಂಕ ಅಂಟಿತು, ಕೆಲವರು ಫಲಿತಾಂಶವನ್ನೇ ಮುಚ್ಚಿಟ್ಟರು. ಅಮೆರಿಕದಲ್ಲಿ 1970ರ ದಶಕದಲ್ಲಿ ವಾಹಕರಾಗಿದ್ದ ಕಪ್ಪು ಜನರಿಗೆ ಕೆಲಸ, ವಿಮೆ ನಿರಾಕರಿಸಿದ್ದೂ ಉಂಟು.

‘ಇದು ನಮ್ಮ ಜಾತಿಯವರಿಗೆ ಬರಲ್ಲ’ ಅಂತ ಸುಮ್ಮನಿರೋದೂ ಸರಿಯಲ್ಲ. ಸಿಕಲ್ ವಾಹಕರಿಗೂ ಬೀಟಾ ಥಲಸ್ಸೀಮಿಯಾ ವಾಹಕರಿಗೂ ಹುಟ್ಟುವ ಮಗುವಿಗೂ ಸಿಕಲ್ ಕಾಯಿಲೆ ಬರಬಹುದು, ಮತ್ತೆ ಥಲಸ್ಸೀಮಿಯಾ ಎಲ್ಲ ಜಾತಿಗಳಲ್ಲೂ ಇದೆ. ನಮ್ಮಲ್ಲಿ ಸೋದರಮಾವನ ಜೊತೆ ಮದುವೆ ಇನ್ನೂ ನಡೆಯುತ್ತಲ್ಲ, ಆ ಮಾವ ವಾಹಕನಾಗಿದ್ರೆ ಅದೇ ಜೀನ್ ಸೊಸೆಯಲ್ಲೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕಾರ್ಡು ಬ್ರೋಕರ್ ಕೈಗೆ ಹೋಗಬಾರದು, ಆ ವ್ಯಕ್ತಿಯ ಹತ್ತಿರಾನೇ ಇರಬೇಕು. ಫಲಿತಾಂಶ ಕೊಡುವಾಗ ಅವರ ಭಾಷೆಯಲ್ಲೇ ಕೂತು ವಿವರಿಸೋರು ಬೇಕು. ಪರೀಕ್ಷೆ ಹುಡುಗ, ಹುಡುಗಿ ಇಬ್ಬರಿಗೂ ಆಗಬೇಕು. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ಹಿಮೋಗ್ಲೋಬಿನ್ ಸರಿಯಿದ್ರೆ ಮಗುವಿಗೆ ಕಾಯಿಲೆ ಬರಲ್ಲ, ಸಂಬಂಧ ಬಿಡೋಕೆ ಕಾರಣವೇ ಇಲ್ಲ. ಇಬ್ಬರೂ ವಾಹಕರಾಗಿದ್ರೂ ಬಸುರಿನಲ್ಲೇ ಪರೀಕ್ಷೆ ಮಾಡಿಸೋ ದಾರಿ ಇದೆ, ತೀರ್ಮಾನ ಅವರದ್ದು. ಇನ್ನು ಕಾಯಿಲೆ ಇಟ್ಟುಕೊಂಡೇ ಬದುಕುತ್ತಿರುವವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಹಾಡಿಯ ಹತ್ತಿರದ ಆಸ್ಪತ್ರೆಯಲ್ಲೇ ತಪ್ಪದೆ ಸಿಗಬೇಕು. ನಿರ್ಮೂಲನೆ ಆಗಬೇಕಾದ್ದು ಕಾಯಿಲೆ, ವಾಹಕರ ಮರ್ಯಾದೆ ಅಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳ ಹಿಮ್ಮಡಿ ಚುಚ್ಚಿ ಮಾಡುವ ರಕ್ತಪರೀಕ್ಷೆಯಲ್ಲಿ ಸಿಕಲ್ ಸೆಲ್ಲೂ ಸೇರಿದೆ. ನಿಮ್ಮ ಮಗು ವಾಹಕ ಅಂತ ಪತ್ರ ಬಂದಿದ್ರೆ ಗಾಬರಿಯಾಗಬೇಡಿ, ಊರಲ್ಲಿರೋ ಅಕ್ಕ-ತಂಗಿ, ಅಣ್ಣ-ತಮ್ಮಂದಿರಿಗೂ ತಿಳಿಸಿ. ಅವರಿಗೂ ಈ ವಿಷಯ ಬೇಕಾಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.