‘ಇನ್ನೂ ಹೋಗ್ಲಿಲ್ವಾ?’ ಅಂತ ಕೇಳುವವರಿಗೆ

(1/6)
ಮೂರು ವರ್ಷದಿಂದ ಒಂದೇ ಪ್ರಶ್ನೆ. ಕ್ಲಾಸಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಚರ್ಚಿನ ಮೆಟ್ಟಿಲ ಮೇಲೆ. “ಎಂತ ಮಾರಾಯ್ತಿ, ನಿಮ್ಮವರು ಆಫ್ರಿಕಾಕ್ಕೆ ಇನ್ನೂ ಹೋಗ್ಲಿಲ್ವಾ?”

ಹೋಗ್ಲಿಲ್ಲ. ಮೊದಲ ಫೋಟೋದಲ್ಲಿ ಇರುವ ಎರಡು ಸೂಟ್‌ಕೇಸ್ ಅಟ್ಟದ ಮೇಲೆ ಧೂಳು ತಿನ್ನುತ್ತಾ ಉಂಟು, ನಗುವವರು ನಗಬಹುದು.

ಹೊಸ ಫಾಲೋವರ್‌ಗಳಿಗೆ ಹೇಳ್ತೇನೆ. ಅಮ್ಮ ನರ್ಸ್, ಹೆರಿಗೆ ವಾರ್ಡಿನಲ್ಲಿ 16 ವರ್ಷ ಆಯ್ತು. ಪಪ್ಪ ಆಸ್ಪತ್ರೆಯ ಮೆಷಿನ್ ರಿಪೇರಿ ಮಾಡುವವರು. ನಾವು ಉಡುಪಿ ಕಡೆಯ ಪ್ರೊಟೆಸ್ಟೆಂಟರು. ಮಲಾವಿ ದೇಶದ ಹಳ್ಳಿ ಕಡೆಯ ಒಂದು ಮಿಷನ್ ಆಸ್ಪತ್ರೆಗೆ ಹೋಗಲಿಕ್ಕೆ ಕಾಯ್ತಾ ಇದ್ದೇವೆ. ಕಾಯುವುದು ಅಂದ್ರೆ ಕೆಲಸ ಆಗದೇ ಇರುವುದು ಅಂತ ನೀವು ತಿಳ್ಕೊಂಡಿದ್ದೀರಿ. ನಾನು ಹೇಳ್ತೇನೆ, ಕಾಯದೆ ಹೋಗುವವರಿಗೇ ನೀವು ಹೆದರಬೇಕು.

(2/6)
ಹೈಟಿ, 2010. ಜನವರಿ 12ಕ್ಕೆ ಭೂಕಂಪ, ರಾಜಧಾನಿ ಪೋರ್ಟೊ ಪ್ರಿನ್ಸ್ ನೆಲಸಮ. ತಿಂಗಳು ಮುಗಿಯುವುದರೊಳಗೆ ಅಮೆರಿಕದ ಹತ್ತು ಜನ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಲ್ಲಿ ತುಂಬಿಸಿ ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ಗೆ ಕರ್ಕೊಂಡು ಹೊರಟಿದ್ರು. ಅಲ್ಲಿ ಅನಾಥಾಶ್ರಮ ಮಾಡುವ ಆಲೋಚನೆ. ಸರಿಯಾದ ಕಾಗದಪತ್ರ ಇಲ್ಲ. ಗಡಿಯಲ್ಲಿ ಹಿಡಿದ್ರು, ಜೈಲಿಗೆ ಹಾಕಿದ್ರು. ಆಮೇಲೆ ಗೊತ್ತಾದ್ದೇನು? ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಬದುಕಿದ್ರು. ‘ಒಳ್ಳೆ ಶಾಲೆ, ಒಳ್ಳೆ ಊಟ’ ಅಂದದ್ದನ್ನು ನಂಬಿ ಕಳಿಸಿಕೊಟ್ಟಿದ್ರು.

ಅವರು ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ. ಅವರ ಕಣ್ಣೀರು ನಿಜವೇ ಇರಬಹುದು, ಪ್ರಾರ್ಥನೆಯೂ ನಿಜವೇ. ಆದ್ರೆ ಇನ್ನೊಬ್ಬರ ಮಗುವನ್ನು ಗಡಿ ದಾಟಿಸುವಾಗ ಕೇಳುವ ಕಾಗದ ಸುಮ್ಮನೆ ಇಟ್ಟ ಅಡ್ಡಿ ಅಲ್ಲ. ಆ ಮಗುವಿನ ಅಮ್ಮನಿಗೆ ಇರುವ ಒಂದೇ ಕಾವಲು ಅದು. ಅದನ್ನು ದಾಟಿ ಓಡುವ ಪ್ರೀತಿಯನ್ನು ನನ್ನ ಮನೆಗೆ ನಾನು ಬಿಟ್ಕೊಳ್ಳಲ್ಲ.

(3/6)
ಹಾಗಾದ್ರೆ ಮೂರು ವರ್ಷದಿಂದ ಏನು ಮಾಡ್ತಾ ಇದ್ದೇವೆ? ಮೂರನೇ ಫೋಟೋದಲ್ಲಿ ಇರುವ ಫೈಲ್ ನೋಡಿ. ಅಮ್ಮ ಇಲ್ಲಿ ನರ್ಸ್ ಆದ್ರೆ ಸಾಲದು, ಆ ದೇಶದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಅದಕ್ಕೆ ಇಲ್ಲಿಯ ಕೌನ್ಸಿಲ್‌ನಿಂದ ಪತ್ರ ಬೇಕು. ಪೊಲೀಸ್ ಕ್ಲಿಯರೆನ್ಸ್ ಬೇಕು, ಅದೂ ಆರು ತಿಂಗಳ ಒಳಗಿನದ್ದು ಅಂತ ಕೇಳಿದ್ದಾರೆ. ಒಂದು ಕೈಗೆ ಬಂತು ಅನ್ನುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರ್ತದೆ. ಪಪ್ಪ ಮೂರು ಸಲ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ ಬಂದಾಯ್ತು. ಆ ಕೆಲಸಕ್ಕೆ ಅಲ್ಲಿಯವರೇ ಸಿಗ್ತಾರಾ ಅಂತ ನೋಡಿದ ಮೇಲೆಯೇ ವರ್ಕ್ ಪರ್ಮಿಟ್. ನೋಡಲಿ! ಅದು ಅವರ ದೇಶ, ಅವರ ಉದ್ಯೋಗ. ನಾವು ‘ಸೇವೆ’ ಅಂತ ಹಣೆಗೆ ಅಂಟಿಸ್ಕೊಂಡ ಮಾತ್ರಕ್ಕೆ ಬಾಗಿಲು ತೆಗೆದಿಡಬೇಕಾ?

ಕಾಗದ ಓಡಾಡ್ತಾ ಇರುವಾಗ ಮನೆಯಲ್ಲಿ ಚಿಚೇವಾ ಕಲಿಕೆ. ‘ಮುಲಿ ಬ್ವಾಂಜಿ’ ಅಂದ್ರೆ ಹೇಗಿದ್ದೀರಿ, ‘ಜಿಕೋಮೊ’ ಅಂದ್ರೆ ಥ್ಯಾಂಕ್ಸ್. ಇಷ್ಟು ನನ್ನ ತಮ್ಮನಿಗೂ ಬರ್ತದೆ. ಅಮ್ಮನಿಗೆ ಅಷ್ಟು ಸಾಕಾಗಲ್ಲ. ಹೆರಿಗೆ ನೋವಿನಲ್ಲಿ ಇರುವ ಹುಡುಗಿ ಇಂಗ್ಲಿಷಲ್ಲಿ ಕೂಗಲ್ಲ. ಎಲ್ಲಿ ನೋವು, ಯಾವಾಗ ಶುರುವಾಯ್ತು, ಮಗು ಅಲ್ಲಾಡ್ತಾ ಉಂಟಾ, ಇಷ್ಟನ್ನು ನಿದ್ದೆಗಣ್ಣಲ್ಲೂ ಕೇಳಲಿಕ್ಕೆ ಬರಬೇಕು ಅಂತ ಅವರು ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿದ್ದಾರೆ (ನಾಲ್ಕನೇ ಫೋಟೋ, ಎಣ್ಣೆ ಕಲೆಗೆ ಕ್ಷಮೆ ಇರಲಿ).

ಪಪ್ಪನದ್ದು ಬೇರೆ ಲೋಕ. ಬಡ ದೇಶಗಳ ಆಸ್ಪತ್ರೆಗಳಲ್ಲಿ ದಾನ ಬಂದ ಮೆಷಿನ್‌ಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರ್ತವೆ. ಯಾಕೆ ಗೊತ್ತುಂಟಾ? ಅಮೆರಿಕದಲ್ಲಿ 120 ವೋಲ್ಟ್. ಮಲಾವಿಯಲ್ಲಿ ನಮ್ಮ ಹಾಗೆಯೇ 230. ನೇರ ಪ್ಲಗ್ ಹಾಕಿದ್ರೆ ಸುಟ್ಟುಹೋಗ್ತದೆ. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿದ್ರೆ ಬದಲಿಸಲಿಕ್ಕೆ ಬಿಡಿಭಾಗ ಇಲ್ಲ, ಬಿಚ್ಚಿ ನೋಡುವವರಿಲ್ಲ. ಕೊಟ್ಟವರ ಫೋಟೋ ಮಾತ್ರ ಗೋಡೆ ಮೇಲೆ ಚಂದ ಉಂಟು. ಪಪ್ಪ ಈಗ ಹಳೇ ಕಾನ್ಸನ್‌ಟ್ರೇಟರ್‌ಗಳನ್ನು ಬಿಚ್ಚಿ, ಯಾವ ಭಾಗ ಮೊದಲು ಕೈಕೊಡ್ತದೆ ಅಂತ ಪಟ್ಟಿ ಮಾಡ್ತಾ ಇದ್ದಾರೆ. ನೀವು ಅದಕ್ಕೆ ‘ಸುಮ್ನೆ ಕೂತಿದ್ದಾರೆ’ ಅಂತೀರಿ.

(4/6)
ಆಲ್ಬರ್ಟ್ ಶ್ವೈಟ್ಜರ್ ಹೆಸರು ಕೇಳಿರ್ತೀರಿ. ದೇವತಾಶಾಸ್ತ್ರದ ಪಂಡಿತ, ಆರ್ಗನ್ ವಾದಕ, 30 ವಯಸ್ಸಿಗೇ ಯುರೋಪಿನಲ್ಲಿ ಹೆಸರು. 1905ರಲ್ಲಿ ಆಫ್ರಿಕಾಕ್ಕೆ ವೈದ್ಯನಾಗಿ ಹೋಗುವುದು ಅಂತ ತೀರ್ಮಾನ ಮಾಡಿದ್ರು. ಹೊರಟದ್ದು ಯಾವಾಗ? 1913. ನಡುವಿನ ಎಂಟು ವರ್ಷ, ತಾನೇ ಪಾಠ ಮಾಡ್ತಿದ್ದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಕೂತು ವೈದ್ಯಕೀಯ ಓದಿದ್ರು. ಹೆಂಡತಿ ಹೆಲೆನ್ ನರ್ಸಿಂಗ್ ಕಲಿತ್ರು. ಕಛೇರಿ ಕೊಟ್ಟು ದುಡ್ಡು ಕೂಡಿಸಿದ್ರು. ಅಷ್ಟಾದ ಮೇಲೆ ಗಬಾನ್‌ನ ಲಾಂಬಾರೆನೆ. ಆಫ್ರಿಕನ್ನರನ್ನು ತನ್ನ ಸಮಾನರು ಅಂತ ಅವರು ಕಾಣಲಿಲ್ಲ ಅನ್ನುವ ಟೀಕೆ ಉಂಟು, ಅದು ಸರಿಯಾದ ಟೀಕೆಯೇ. ಆದ್ರೆ ಆ ಎಂಟು ವರ್ಷವನ್ನು ಯಾರೂ ‘ವೇಸ್ಟ್’ ಅನ್ನಲ್ಲ.

ನಮ್ಮದೇ ಕಿಟ್ಟೆಲ್‌ನ ನೋಡಿ. 1853ಕ್ಕೆ ಬಾಸೆಲ್ ಮಿಷನ್‌ನಿಂದ ಬಂದ್ರು, ನಿಘಂಟು ಅಚ್ಚಾದದ್ದು 1894ಕ್ಕೆ. ಮಧ್ಯೆ ಯಾರಾದ್ರೂ ‘ಇನ್ನೂ ಮುಗೀಲಿಲ್ವಾ ಸ್ವಾಮೀ’ ಅಂತ ಕೇಳಿರಬೇಕು, ನಮ್ಮ ಊರು ನನಗೆ ಗೊತ್ತುಂಟು.

(5/6)
ಈಗ ಕಾಮೆಂಟಿನಲ್ಲಿ ಬರುವ ಮಾತುಗಳು.

“ಮತಾಂತರ ಮಾಡ್ಲಿಕ್ಕೆ ಹೋಗುದು.” ಮಲಾವಿಯಲ್ಲಿ ಬಹುಪಾಲು ಜನ ಈಗಾಗಲೇ ಕ್ರೈಸ್ತರು. ಅಲ್ಲಿಯ ದೊಡ್ಡ ಪಟ್ಟಣ ಬ್ಲಾಂಟೈರ್‌ಗೆ ಹೆಸರೇ ಮಿಷನರಿ ಲಿವಿಂಗ್‌ಸ್ಟನ್ ಹುಟ್ಟಿದ ಊರಿನದ್ದು. ಅವರಿಗೆ ಬೈಬಲ್ ನಮಗಿಂತ ಚೆನ್ನಾಗಿ ಗೊತ್ತು. ಬೇಕಾಗಿರುವುದು ರಾತ್ರಿ ಎರಡು ಗಂಟೆಗೆ ಎದ್ದು ಬರುವ ಸೂಲಗಿತ್ತಿ.

“ಇಲ್ಲಿ ಬಡವರಿಲ್ವಾ?” ಇದ್ದಾರೆ. 16 ವರ್ಷದಿಂದ ಅಮ್ಮ ಅವರದ್ದೇ ಹೆರಿಗೆ ಮಾಡಿಸ್ತಾ ಇದ್ದಾರೆ. ನೀವು?

ಈ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಸಿಟ್ಟು ಬರುವ ಜಾಗ ಬೇರೆಯೇ ಉಂಟು. ನಮ್ಮ ಕರಾವಳಿಯ ನರ್ಸ್‌ಗಳು ಗಲ್ಫಿಗೆ, ಬ್ರಿಟನ್ನಿಗೆ, ಐರ್ಲೆಂಡಿಗೆ ಹೋಗ್ತಾರೆ. ಅವರಿಗೂ ಇಂಗ್ಲಿಷ್ ಪರೀಕ್ಷೆ, ಅವರಿಗೂ ನೋಂದಣಿ, ಅವರಿಗೂ ವೀಸಾ, ವರ್ಷಗಟ್ಟಲೆ ಕಾಯುವುದು. ಅವರ ಮನೆಯಲ್ಲಿ ‘ಪ್ರೊಸೆಸಿಂಗ್ ನಡೀತಾ ಉಂಟು’ ಅಂದ್ರೆ ನೀವು ತಲೆಯಾಡಿಸಿ, ಹುಡುಗಿಗೆ ಸಂಬಂಧವನ್ನೂ ತರ್ತೀರಿ. ನಮ್ಮ ಮನೆಯಲ್ಲಿ ಅದೇ ಮಾತು ಹೇಳಿದ್ರೆ ಜೋಕು. ಕಾಯುವುದು ಎರಡೂ ಕಡೆ ಒಂದೇ. ಸಂಬಳ ಪೌಂಡಿನಲ್ಲಿ ಬಂದ್ರೆ ಅದು ಪ್ಲ್ಯಾನಿಂಗ್, ಬಾರದಿದ್ರೆ ಹುಚ್ಚು! ಮಲಾವಿಯ ಸ್ವಂತ ನರ್ಸ್‌ಗಳೂ ಬ್ರಿಟನ್ನಿಗೆ ಹೋಗ್ತಾರೆ, ಅವರನ್ನೂ ನಾನು ಬೈಯಲ್ಲ. ಹೊಟ್ಟೆಪಾಡು ತಪ್ಪಲ್ಲ. ಅದೊಂದಕ್ಕೇ ಮರ್ಯಾದೆ ಅನ್ನುವುದು ತಪ್ಪು.

(6/6)
ನಮ್ಮ ಚರ್ಚಿನವರಿಗೂ ಒಂದು ಮಾತು ಉಂಟು, ಬೇಜಾರು ಮಾಡ್ಕೊಳ್ಬೇಡಿ. “ದೇವರ ಸಮಯ, ತಾಳ್ಮೆ ಇರಲಿ” ಅಂತ ಕೈಕುಲುಕಿ ಹೋಗ್ತೀರಲ್ಲ ಅಂಕಲ್, ತಾಳ್ಮೆ ಅಂದ್ರೆ ಸೋಫಾ ಅಲ್ಲ. ಮನೆಯ ಫ್ರಿಡ್ಜ್ ಕೆಟ್ಟು ಒಂದು ವರ್ಷ ಆಯ್ತು. ಯಾವಾಗ ಹೊರಡುವುದು ಗೊತ್ತಿಲ್ಲದ ಕಾರಣ ಹೊಸದು ತೆಗೊಳ್ಳಿಲ್ಲ. ನಾನು ಪಿಯುಸಿಗೆ ಸೇರುವಾಗ ‘ಈ ವರ್ಷ ಹೋಗ್ತೇವೆ’ ಅಂದಿದ್ರು, ಈಗ ಸಿಇಟಿ ಫಾರ್ಮ್ ತುಂಬಿಸ್ತಾ ಇದ್ದೇನೆ. ಅವರು ಹೊರಟಾಗ ನಾನು ಹಾಸ್ಟೆಲ್, ತಮ್ಮ ಅವರ ಜೊತೆ. ಅಜ್ಜಿಯನ್ನು ಯಾರು ನೋಡ್ಕೊಳ್ಳುವುದು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ. ರಾತ್ರಿ ಊಟದ ನಂತರ ಆ ಮಾತು ಬಂದ್ರೆ ಎಲ್ಲರೂ ತಟ್ಟೆ ನೋಡ್ತೇವೆ. ಇದಕ್ಕೆ ವಚನ ಬೇಡ. ವಾರಕ್ಕೆ ಒಂದು ದಿನ ಅಜ್ಜಿ ಹತ್ರ ಬಂದು ಕೂತ್ಕೊಳ್ಳಿ.

“ಟೂರಿಸ್ಟ್ ವೀಸಾದಲ್ಲಿ ಹೋಗಿ ಬಿಡಿ, ಆಮೇಲೆ ನೋಡುವ” ಅಂತ ಸಲಹೆ ಕೊಟ್ಟವರಿಗೆ ಪಪ್ಪ ನಕ್ಕು ಸುಮ್ಮನಾದ್ರು. ನಾನು ಸುಮ್ಮನಾಗಲ್ಲ. ನೋಂದಣಿ ಇಲ್ಲದ ನರ್ಸ್ ನಿಮ್ಮ ಅಕ್ಕನ ಹೆರಿಗೆ ಮಾಡಿಸಿದ್ರೆ ಒಪ್ತೀರಾ? ಮಲಾವಿಯ ಅಕ್ಕನಿಗೆ ಮಾತ್ರ ನಡೀತದಾ?

ಕೊನೆಯ ಫೋಟೋ ಅಮ್ಮನ ಪೊಲೀಸ್ ಕ್ಲಿಯರೆನ್ಸ್ ರಸೀದಿ, ನಂಬರ್ ಅಳಿಸಿದ್ದೇನೆ. ನಾಲ್ಕನೇ ಸಲ. ಪ್ರಶ್ನೆ ಇದ್ರೆ ಕೆಳಗೆ ಕೇಳಿ, ಭಾಷೆ, ಖರ್ಚು, ಮಲೇರಿಯಾ ಏನು ಬೇಕಾದ್ರೂ. ಆ ಒಂದು ಪ್ರಶ್ನೆ ಬಿಟ್ಟು.

#ಕಾಯ್ತಾಇದ್ದೇವೆ #ಮಲಾವಿ #ಉಡುಪಿ